ಸಿಟ್ಟು ಅಂದ್ರೆ ಸಾಲದು, ಎಂಥಾ ಸಿಟ್ಟು? ಕಾಸರಕನ ‘ಮನಸ್ಸು’ ಬರೆಯೋ ಬಗೆ

ಮಗಳು ಬೆಳಗಾವಿಯಲ್ಲಿ ಹೋಮಿಯೋಪತಿ ಡಿಗ್ರಿ, ಅಂದರೆ ಬಿಎಚ್‌ಎಂಎಸ್ ಓದುತ್ತಿದ್ದಾಳೆ. ನಾನು ವಿಜಯಪುರದಲ್ಲಿ ಕನ್ನಡ ಮಾಸ್ತರ. ಫೀ ಕಟ್ಟೋದು ಬಿಟ್ಟರೆ ಅವಳ ಓದಿಗೂ ನನಗೂ ಸಂಬಂಧ ಇರಲಿಲ್ಲ, ಹೋದ ವರ್ಷದ ತನಕ. ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. ಅಳು ಗಂಟಲಲ್ಲೇ ಇತ್ತು.

“ಅಪ್ಪಾ, ಎಲ್ಲಾ ಔಷಧಕ್ಕೂ ಇರಿಟೇಬಲ್ ಅಂತನ ಬರದಾರ. ನಕ್ಸ್ ವಾಮಿಕಾನೂ ಇರಿಟೇಬಲ್, ಕ್ಯಾಮೊಮಿಲ್ಲಾನೂ ಇರಿಟೇಬಲ್, ಬ್ರಯೋನಿಯಾನೂ ಇರಿಟೇಬಲ್. ವೈವಾದಾಗ ಕೇಳಿದ್ರ ಯಾವುದಕ್ಕ ಏನ್ ಹೇಳ್ಲಿ?”

ಹೋಮಿಯೋಪತಿ ಪುಸ್ತಕದಲ್ಲಿ ಒಂದೊಂದು ಔಷಧಕ್ಕೂ ಅದು ಹೊಂದೋ ಮನುಷ್ಯನ ಸ್ವಭಾವ ಬರೆದಿರುತ್ತಾರೆ, ಇರಿಟೇಬಲ್ ಅಂದರೆ ಸಿಡುಕಿನವನು. ನನಗೆ ನಗು ಬಂತು. ನಮ್ಮ ಹುಡುಗರು ಪರೀಕ್ಷೆಯಲ್ಲಿ ಪಾತ್ರ ಪರಿಚಯ ಬರೆಯುವಾಗ ಮಾಡೋ ತಪ್ಪೇ ಇದು. ದುರ್ಯೋಧನ ಹಠಮಾರಿ, ಕರ್ಣ ದಾನಶೂರ, ಭೀಮ ಸಿಟ್ಟಿನವನು. ಮುಗೀತು. ಆದರೆ ಭೀಮನಿಗೂ ಸಿಟ್ಟು, ಅಶ್ವತ್ಥಾಮನಿಗೂ ಸಿಟ್ಟು, ದೂರ್ವಾಸನಿಗೂ ಸಿಟ್ಟು. ಮೂರೂ ಒಂದೇನಾ? ಒಬ್ಬ ಹದಿಮೂರು ವರ್ಷ ನುಂಗಿಕೊಂಡು ಕಾಯುತ್ತಾನೆ, ಒಬ್ಬ ರಾತ್ರೋರಾತ್ರಿ ಮಲಗಿದವರನ್ನು ಕೊಲ್ಲುತ್ತಾನೆ, ಒಬ್ಬ ಬಂದ ತಕ್ಷಣ ಎದ್ದು ನಿಲ್ಲಲಿಲ್ಲ ಅಂತ ಶಾಪ ಕೊಡುತ್ತಾನೆ. ಸಿಟ್ಟಿನ ಹೆಸರು ಬರೆದರೆ ಮಾರ್ಕ್ಸ್ ಇಲ್ಲ, ಸಿಟ್ಟು ಏನು ಮಾಡಿತು ಅಂತ ಬರೀಬೇಕು.

ಅದೇ ಮಾತನ್ನು ಅವಳಿಗೆ ಹೇಳಿದೆ. ಆಮೇಲೆ ಎರಡು ರಜೆ ಕೂತು ಅಪ್ಪ ಮಗಳು ಕನ್ನಡದಲ್ಲಿ ನೋಟ್ಸ್ ಮಾಡಿದೆವು. ಅದರಲ್ಲಿ ಕಲಿತ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹೋಮಿಯೋಪತಿ ಓದೋ ಮಕ್ಕಳಿಗೆ ಬೇಕಾಗಬಹುದು, ಸುಮ್ನೆ ಕುತೂಹಲ ಇದ್ದವರೂ ಓದಬಹುದು. ನಾನು ವೈದ್ಯನಲ್ಲ. ಇದು ಪಾತ್ರ ಬರೆಯೋ ಪಾಠ, ಗುಳಿಗೆ ತಗೊಳ್ಳೋ ಸಲಹೆ ಅಲ್ಲ.

ಉದಾಹರಣೆಗೆ ಒಂದೇ ಗಿಡ ಹಿಡಿಯೋಣ. ನಕ್ಸ್ ವಾಮಿಕಾ, ಅಂದರೆ ನಮ್ಮ ಕಾಸರಕ. ಖಾನಾಪುರದ ಕಡೆ ಕಾಡಿನಲ್ಲಿ ಓಡಾಡಿದವರಿಗೆ ಈ ಮರ ಗೊತ್ತಿರುತ್ತದೆ, ಮರಾಠಿ ಮಾತಾಡೋರು ಕಾಜರಾ ಅಂತಾರೆ.

ಶುರು ಮಾಡೋದು ಪುಸ್ತಕದಿಂದ ಅಲ್ಲ, ಗಿಡದಿಂದ. ಬಹಳ ಜನ ಈ ಹೆಜ್ಜೆ ಬಿಟ್ಟುಬಿಡುತ್ತಾರೆ. ಕಾಸರಕನ ಹಣ್ಣು ನೋಡೋಕೆ ಸಣ್ಣ ಕಿತ್ತಳೆ ಹಾಗೆ, ಬಣ್ಣ ಎಷ್ಟು ಚಂದ ಅಂದರೆ ಕೈ ತಾನೇ ಹೋಗುತ್ತದೆ. ಒಳಗೆ ಲೋಳೆ. ಆ ಲೋಳೆಯಲ್ಲಿ ಕೋಟಿನ ಗುಂಡಿಯಂಥ ಚಪ್ಪಟೆ ಬೀಜ, ಬೂದು ಬಣ್ಣ, ಮೇಲೆ ರೇಷ್ಮೆಯಂಥ ನುಣುಪು ಕೂದಲು. ಕಹಿ ಅಂದರೆ ಹಾಗಲಕಾಯಿ ನಾಚಬೇಕು. ಈ ಬೀಜದಲ್ಲಿರೋದು ಸ್ಟ್ರಿಕ್ನಿನ್. 1818ರಲ್ಲಿ ಪೆಲ್ಲೆಟಿಯೆ ಮತ್ತು ಕಾವಂಟು ಅನ್ನೋ ಇಬ್ಬರು ಫ್ರೆಂಚರು ಇದನ್ನು ಬೇರೆ ಮಾಡಿ ತೆಗೆದರು. ಅರೆದ ಒಂದೇ ಬೀಜ ಮನುಷ್ಯನ ಪ್ರಾಣ ತೆಗೆಯಬಹುದು. ಆಯುರ್ವೇದದಲ್ಲಿ ಇದನ್ನು ವಿಷಮುಷ್ಟಿ ಅಂತ ಬಳಸುತ್ತಾರೆ, ಆದರೆ ಶುದ್ಧಿ ಮಾಡದೆ ಮುಟ್ಟೋದಿಲ್ಲ. ದಯವಿಟ್ಟು ಯಾರೂ ಕಾಡಿಂದ ತಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಸ್ಟ್ರಿಕ್ನಿನ್ ಮೈಯಲ್ಲಿ ಏನು ಮಾಡುತ್ತದೆ? ಬೆನ್ನುಹುರಿಯಲ್ಲಿ ಗ್ಲೈಸಿನ್ ಅನ್ನೋ ಒಂದು ವಸ್ತು ಇರುತ್ತದೆ, ಅದರ ಕೆಲಸ ನರಗಳಿಗೆ ‘ಸಾಕು, ನಿಲ್ಲು’ ಅನ್ನೋದು. ಸ್ಟ್ರಿಕ್ನಿನ್ ಆ ಗ್ಲೈಸಿನ್‌ನ ಬಾಯಿ ಮುಚ್ಚಿಸುತ್ತದೆ. ಆಮೇಲೆ ತಡೆಯೋರೇ ಇಲ್ಲ. ವಿಷ ಏರಿದವನ ಕೋಣೆಯಲ್ಲಿ ಬಾಗಿಲು ಬಡಿದರೆ ಸಾಕು, ಬೆಳಕು ಬಿದ್ದರೆ ಸಾಕು, ಯಾರಾದರೂ ಮೈ ಮುಟ್ಟಿದರೆ ಸಾಕು, ಇಡೀ ಮೈ ಬಿಲ್ಲಿನ ಹಾಗೆ ಸೆಟೆದುಕೊಳ್ಳುತ್ತದೆ. ಮನುಷ್ಯನಿಗೆ ಎಚ್ಚರ ಇರುತ್ತದೆ, ಎಲ್ಲಾ ಗೊತ್ತಾಗುತ್ತಿರುತ್ತದೆ.

ಈಗ ಹೋಮಿಯೋಪತಿ ಪುಸ್ತಕ ತೆಗೆದು ನಕ್ಸ್‌ನ ಮನಸ್ಸಿನ ಭಾಗ ಓದಿ. ಸಪ್ಪಳ ಸಹಿಸಲ್ಲ, ಬೆಳಕು ಸಹಿಸಲ್ಲ, ವಾಸನೆ ಸಹಿಸಲ್ಲ, ಮುಟ್ಟಿಸಿಕೊಳ್ಳೋದು ಬೇಡ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ವಿಷದ ಮೈಯೇ ಸಣ್ಣ ಅಕ್ಷರದಲ್ಲಿ ಮನಸ್ಸಾಗಿ ಬಂದಿದೆ. ನನ್ನ ಮಗಳು ಇದನ್ನು ಕಂಡ ದಿನ ನಕ್ಸ್ ಬಾಯಿಪಾಠ ಮಾಡೋದು ಬಿಟ್ಟಳು. ‘ತಡೆಯೋ ಕೈ ಇಲ್ಲದ ನರ’ ಅಂತ ನೋಟ್‌ಬುಕ್ಕಿನ ಮೇಲೆ ಬರೆದುಕೊಂಡಳು, ಉಳಿದದ್ದೆಲ್ಲ ಅದರ ಹಿಂದೆ ಬಂತು. ಎಲ್ಲಾ ಗಿಡಕ್ಕೂ ಇಷ್ಟು ಸಲೀಸಾಗಿ ಎಳೆ ಸಿಗಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಎರಡನೆಯದು, ಈ ಮಾತುಗಳು ಎಲ್ಲಿಂದ ಬಂದವು ಅಂತ ತಿಳ್ಕೊಳ್ಳೋದು. ಹೋಮಿಯೋಪತಿ ಶುರು ಮಾಡಿದ ಸಾಮ್ಯುಯೆಲ್ ಹಾನಿಮನ್ 1790ರಲ್ಲಿ ಒಂದು ಪುಸ್ತಕ ಅನುವಾದ ಮಾಡುತ್ತಿದ್ದಾಗ ಸಿಂಕೋನಾ ತೊಗಟೆಯನ್ನು ತಾನೇ ತಿಂದು ನೋಡಿದ. ಆಮೇಲೆ ಆರೋಗ್ಯವಂತರಿಗೆ ಒಂದೊಂದು ವಸ್ತು ಕೊಟ್ಟು, ಅವರಿಗೆ ಏನೇನಾಯಿತು ಅಂತ ಬರೆದಿಟ್ಟ. ಇದಕ್ಕೆ ಪ್ರೂವಿಂಗ್ ಅಂತಾರೆ. ರೋಗಿಯಲ್ಲಿ ಅಂಥದೇ ಲಕ್ಷಣ ಕಂಡರೆ ಅದೇ ವಸ್ತುವನ್ನು ತೆಳು ಮಾಡಿ ಕೊಡೋದು ಅವನ ಪದ್ಧತಿ. 1811ರಲ್ಲಿ ಬಂದ ಅವನ ಮೆಟೀರಿಯಾ ಮೆಡಿಕಾದ (ಒಂದೊಂದು ಔಷಧದ ಲಕ್ಷಣ ಬರೆದ ಪುಸ್ತಕ) ಮೊದಲ ಸಂಪುಟದಲ್ಲೇ ನಕ್ಸ್ ಇದೆ, ಸಾವಿರಕ್ಕೂ ಹೆಚ್ಚು ಲಕ್ಷಣ. ಒಂದು ತಮಾಷೆ ನೋಡಿ. ಹಾನಿಮನ್ ಮನಸ್ಸಿನ ಲಕ್ಷಣಗಳನ್ನು ಪಟ್ಟಿಯ ಕೊನೆಗೆ ಇಟ್ಟಿದ್ದ. 1897ರಲ್ಲಿ ಅಮೆರಿಕದ ಹೋಮಿಯೋಪತಿ ವೈದ್ಯ ಕೆಂಟ್ ತನ್ನ ರೆಪರ್ಟರಿ, ಅಂದರೆ ಲಕ್ಷಣ ಹಿಡಿದು ಔಷಧ ಹುಡುಕೋ ಪಟ್ಟಿ, ತೆಗೆದಾಗ ಮನಸ್ಸನ್ನು ಮೊದಲ ಅಧ್ಯಾಯ ಮಾಡಿದ. ಇವತ್ತು ‘ಮೊದಲು ಮನಸ್ಸು ನೋಡು’ ಅಂತ ಕ್ಲಾಸಿನಲ್ಲಿ ಹೇಳೋದರ ಹಿಂದೆ ಕೆಂಟ್‌ನ ಕೈ ಜಾಸ್ತಿ.

ರೆಪರ್ಟರಿ ನೋಡುವಾಗ ಅಕ್ಷರದ ದಪ್ಪ ನೋಡಿ. ಕೆಂಟ್ ಮೂರು ದರ್ಜೆ ಇಟ್ಟಿದ್ದಾನೆ: ದಪ್ಪ ಅಕ್ಷರ, ಓರೆ ಅಕ್ಷರ, ಸಾದಾ ಅಕ್ಷರ. ಸಾದಾ ಅಕ್ಷರದಲ್ಲಿರೋ ಲಕ್ಷಣವನ್ನು ಹಿಡಿದು ಇಡೀ ಚಿತ್ರ ಕಟ್ಟಬೇಡಿ. ಅದು ಮದುವೆ ಮನೆಗೆ ಬಂದ ದೂರದ ನೆಂಟ ಇದ್ದ ಹಾಗೆ, ಫೋಟೋದಲ್ಲಿ ಇರಲಿ, ನಡುವೆ ನಿಲ್ಲಿಸಬೇಡಿ.

ಈಗ ಮುಖ್ಯ ಕೆಲಸ. ಪ್ರತಿಯೊಂದು ವಿಶೇಷಣವನ್ನೂ ಕ್ರಿಯಾಪದ ಮಾಡಿ. ಇರಿಟೇಬಲ್ ಅಂತ ಇದ್ದರೆ ಕೇಳಿ: ಯಾವುದಕ್ಕೆ ಸಿಡಿಯುತ್ತಾನೆ? ಸಿಡಿದಾಗ ಏನು ಮಾಡುತ್ತಾನೆ? ಆಮೇಲೆ ಏನಾಗುತ್ತದೆ? ಈ ಮೂರಕ್ಕೆ ಉತ್ತರ ಸಿಗಲಿಲ್ಲ ಅಂದರೆ ಆ ಪದ ನಿಮಗೆ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ನಾವು ಇದಕ್ಕೆ ಒಬ್ಬ ಮನುಷ್ಯನನ್ನು ಹುಡುಕಿದೆವು. ನಾನು ಕಾಲೇಜು ಓದುವಾಗ ರಜೆಯಲ್ಲಿ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಹೋಗುತ್ತಿದ್ದೆ. ಅಲ್ಲಿನ ಸಾಹುಕಾರರು ತೆಳ್ಳಗೆ, ಚುರುಕು, ಕೂತಲ್ಲೇ ಕೂತು ಹನ್ನೆರಡು ತಾಸು ದುಡಿಯೋರು. ಬೆಳಗ್ಗೆ ಎಂಟಕ್ಕೆ ಗಾದಿ ಮೇಲೆ ಕೂತರೆ ಮುಖ ಗಂಟು. ಹುಡುಗ ಚಹಾ ತಂದು ಇಡುವಾಗ ಕಪ್ಪು ಬಸಿಗೆ ತಾಗಿ ಟಿಣ್ ಅಂದರೆ ಮುಗೀತು. “ಎಷ್ಟ್ ಸಲ ಹೇಳೂದಲೇ ನಿನಗ, ಸಪ್ಪಳ ಮಾಡಬ್ಯಾಡ ಅಂತ?” ಗುಮಾಸ್ತ ತೂಕದ ಚೀಟಿ ಕೂಡಿಸೋಕೆ ಅರ್ಧ ನಿಮಿಷ ತಡ ಮಾಡಿದರೆ ಕೈಯಿಂದ ಕಿತ್ತುಕೊಂಡು ತಾವೇ ಕೂಡಿಸೋರು. ಬೈಗುಳಕ್ಕಿಂತ ಆ ಕಿತ್ತುಕೊಳ್ಳೋದು ಮುಖ್ಯ, ಅದನ್ನು ಗಮನಿಸಿ. ಯಾರದೋ ಚಪ್ಪಲಿ ವಾರೆ ಬಿದ್ದಿದ್ದರೆ ಮಾತಿನ ನಡುವೆಯೇ ಎದ್ದು ಹೋಗಿ ನೆಟ್ಟಗೆ ಇಟ್ಟು ಬರೋರು, ಬರುವಾಗ ಆ ಚಪ್ಪಲಿಯವನಿಗೆ ಒಂದು ಮಾತು. ಮಧ್ಯಾಹ್ನ ಎರಡು ರೊಟ್ಟಿ, ಎಣ್ಣಿಗಾಯಿ, ಕೆಂಪು ಚಟ್ನಿ ಹೊಡೆದು ಬಂದರೆ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗಾಗಿದೆ ಅಂತ ಧೋತರದ ಗಂಟು ಸಡಿಲ ಮಾಡೋರು. ಆಮೇಲೆ ಗಾದಿ ಮೇಲೇ ಮಗ್ಗಲಾಗಿ ಒಂದು ಹದಿನೈದು ನಿಮಿಷ ಜೊಂಪು. ಎದ್ದಾಗ ಬೇರೆ ಮನುಷ್ಯ. “ತಮ್ಮಾ, ಚಾ ತರ್ಸು. ನೀನೂ ಕುಡಿ.” ಆ ನಿದ್ದೆಯ ಹೊತ್ತಲ್ಲಿ ಯಾರಾದರೂ ಎಬ್ಬಿಸಿದರೆ ಮಾತ್ರ ಆ ದಿನ ಅಂಗಡಿಯಲ್ಲಿ ಯಾರಿಗೂ ಉಳಿಗಾಲ ಇರಲಿಲ್ಲ.

ಇದಿಷ್ಟೂ ಪುಸ್ತಕದಲ್ಲಿದೆ. ಸಪ್ಪಳಕ್ಕೆ ಸಿಡಿಯೋದು, ತಪ್ಪು ಹುಡುಕೋದು, ಅಚ್ಚುಕಟ್ಟಿನ ಹುಚ್ಚು, ಬೆಳಗ್ಗೆ ಜಾಸ್ತಿ, ಊಟದ ಮೇಲೆ ಜಾಸ್ತಿ, ಖಾರಕ್ಕೆ ಜಾಸ್ತಿ, ಚಹಾ ಕಾಫಿಯಂಥ ಉತ್ತೇಜಕದ ಚಟ, ಕೂತು ಮಾಡೋ ಕೆಲಸ, ಸ್ವಲ್ಪ ನಿದ್ದೆಯಿಂದ ಆರಾಮ. ಪುಸ್ತಕದಲ್ಲಿ ಬಿಡಿ ಬಿಡಿ ಪದ. ಅಂಗಡಿಯಲ್ಲಿ ಒಂದು ದಿನ. ನೀವು ಬರೆಯಬೇಕಾದ್ದು ಆ ದಿನವನ್ನು. ನಿಮ್ಮ ಕಡೆ ಅಡತಿ ಅಂಗಡಿ ಇಲ್ಲದಿದ್ದರೆ ಇಳಕಲ್ ಮಗ್ಗದ ಮನೆ ತಗೊಳ್ಳಿ, ಬಸ್ ಡಿಪೋ ತಗೊಳ್ಳಿ, ಯಾವುದಾದರೂ ಸರಿ. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಶಾಲೆ ಮಕ್ಕಳು ಹತ್ತಿ ಕೂಗುವಾಗ ಒಬ್ಬ ನಕ್ಸ್ ಮನುಷ್ಯನನ್ನು ಅಲ್ಲಿ ನಿಲ್ಲಿಸಿ ನೋಡಿ. ಒಂದು ಕೂಗು ಏಳೆಂಟು ಸಲ ತಿರುಗಿ ಬರುತ್ತದೆ. ನನ್ನ ಮಗಳಿಗೆ ಈ ಚಿತ್ರ ಎಷ್ಟು ಹಿಡಿಸಿತು ಅಂದರೆ ಈಗ ಯಾವ ಔಷಧ ಬಂದರೂ ಮೊದಲು ಗುಮ್ಮಟ ಹತ್ತಿಸುತ್ತಾಳೆ.

ಪದಗಳನ್ನು ಕನ್ನಡ ಮಾಡುವಾಗ ನಿಘಂಟಿಗೆ ಹೋಗಬೇಡಿ. ನಿಘಂಟು ‘ಅತಿಸಂವೇದಿ’ ಅನ್ನುತ್ತದೆ. ಓಪಿಡಿಗೆ ಬಂದ ಯಾವ ಮುದುಕಿ ತನ್ನ ಗಂಡನನ್ನು ಅತಿಸಂವೇದಿ ಅಂತಾಳೆ? “ಕಡ್ಡಿ ಬಿದ್ರೂ ಹಾರ್ಯಾಡ್ತಾರ್ರೀ” ಅಂತಾಳೆ. ಅದನ್ನೇ ಬರ್ಕೊಳ್ಳಿ. ನಾಳೆ ರೋಗಿ ಹೇಳೋದು ಇದೇ ಭಾಷೆಯಲ್ಲಿ. ಕಿವಿಗೆ ಬಿದ್ದ ತಕ್ಷಣ ಗುರುತು ಸಿಗಬೇಕು ಅಂದರೆ ನೋಟ್ಸೂ ಅದೇ ಭಾಷೆಯಲ್ಲಿ ಇರಬೇಕು ಅಲ್ವಾ?

ರಾತ್ರಿ ಮರೆಯಬೇಡಿ. ನಕ್ಸ್ ಮನುಷ್ಯ ಸಂಜೆಯೇ ತೂಕಡಿಸುತ್ತಾನೆ, ಬೆಳಗಿನ ಜಾವ ಮೂರರ ಸುಮಾರಿಗೆ ಎಚ್ಚರ. ತಲೆಯಲ್ಲಿ ನಾಳಿನ ಲೆಕ್ಕ ಓಡುತ್ತದೆ. ಬೆಳಕು ಹರಿಯೋ ಹೊತ್ತಿಗೆ ಕಣ್ಣು ಹತ್ತುತ್ತದೆ, ಏಳುವಾಗ ಮಲಗಿದ್ದಕ್ಕಿಂತ ದಣಿವು. ಹೊಟ್ಟೆಯ ಕಥೆಯೂ ಹಾಗೇ: ಹೋಗಬೇಕು ಅನ್ನಿಸುತ್ತದೆ, ಹೋದರೆ ಆಗಲ್ಲ, ಬಂದ ಮೇಲೆ ಮತ್ತೆ ಅನ್ನಿಸುತ್ತದೆ. ನಗಬೇಡಿ. ಮನಸ್ಸಿನ ಅವಸರಕ್ಕೂ ಹೊಟ್ಟೆಯ ಅವಸರಕ್ಕೂ ಒಂದೇ ಆಕಾರ. ಹೀಗೆ ಮನಸ್ಸಲ್ಲೂ ಮೈಯಲ್ಲೂ ಒಂದೇ ಆಕಾರ ಎರಡು ಕಡೆ ಕಂಡರೆ ಅದರ ಕೆಳಗೆ ಗೆರೆ ಹಾಕಿ.

ಇಲ್ಲಿಗೆ ಚಿತ್ರ ಆಯಿತು ಅನ್ನಿಸುತ್ತದೆ. ಆಗಿಲ್ಲ. ಪಕ್ಕದ ಮನೆಯವರನ್ನು ತಂದು ನಿಲ್ಲಿಸದೆ ಯಾರ ಮುಖವೂ ಸ್ಪಷ್ಟ ಆಗಲ್ಲ.

ಇಗ್ನೇಷಿಯಾ ಅನ್ನೋ ಔಷಧ ತಗೊಳ್ಳಿ. ಫಿಲಿಪೀನ್ಸ್ ಕಡೆಯ ಬಳ್ಳಿ, ನಕ್ಸ್‌ನ ಕುಲದ್ದೇ, ಅದರಲ್ಲೂ ಸ್ಟ್ರಿಕ್ನಿನ್ ಇದೆ. ಅಕ್ಕ ತಂಗಿ ಅನ್ನಬಹುದು. ಆದರೆ ಪುಸ್ತಕದಲ್ಲಿ ಮನಸ್ಸು ಬೇರೆ. ಅಲ್ಲಿ ದುಃಖ, ಅದೂ ಯಾರ ಮುಂದೆಯೂ ಹೇಳದ ದುಃಖ. ಸತ್ತವರ ಮನೆಯಲ್ಲಿ ಎಲ್ಲರಿಗೂ ಚಹಾ ಕೊಡುತ್ತಾ ಓಡಾಡೋ ಹೆಣ್ಣುಮಗಳು, ನಡುನಡುವೆ ಉದ್ದ ನಿಟ್ಟುಸಿರು, ಯಾರಾದರೂ “ಅಳಬ್ಯಾಡವಾ” ಅಂದರೆ ಅಲ್ಲೇ ಕಟ್ಟೆ ಒಡೆಯುತ್ತದೆ ಅಥವಾ ಮುಖ ತಿರುಗಿಸಿ ಹೋಗುತ್ತಾಳೆ. ನಕ್ಸ್‌ನ ನರ ಹೊರಗಡೆ ಸಿಡಿಯುತ್ತದೆ, ಇಗ್ನೇಷಿಯಾದ್ದು ಒಳಗೇ ಗಂಟಾಗುತ್ತದೆ. ಪುಸ್ತಕ ಅವಳ ಗಂಟಲಲ್ಲಿ ಒಂದು ಉಂಡೆಯನ್ನೇ ಇಟ್ಟಿದೆ.

ಸ್ಟ್ಯಾಫಿಸಾಗ್ರಿಯಾದ್ದು ನುಂಗಿದ ಅವಮಾನ. ಮೇಲಿನವರು ನಾಲ್ಕು ಜನರ ಮುಂದೆ ಬೈದರೂ “ಆತ್ರೀ ಸರ್” ಅಂದು ಬಂದು, ಮನೆಗೆ ಹೋದ ಮೇಲೆ ಕೈ ನಡುಗೋದು. ಕ್ಯಾಮೊಮಿಲ್ಲಾ ಹಲ್ಲು ಬರೋ ಕೂಸು. ಬೇಕು ಅಂತ ಅತ್ತು ಇಸ್ಕೊಂಡ ಗಿಲಕಿಯನ್ನೇ ಬೀಸಿ ಒಗೆಯುತ್ತದೆ, ಎತ್ತಿಕೊಂಡು ಓಡಾಡಿದರಷ್ಟೇ ಸುಮ್ಮನಿರುತ್ತದೆ. ಬ್ರಯೋನಿಯಾದವನು ‘ನನ್ನ ಪಾಡಿಗೆ ಬಿಡು’ ಅನ್ನೋನು, ಅಲುಗಾಡಿಸಬೇಡಿ, ಮಾತಾಡಿಸಬೇಡಿ, ಜ್ವರದ ಕನವರಿಕೆಯಲ್ಲೂ ವ್ಯಾಪಾರದ ಮಾತು. ಪಲ್ಸಟಿಲ್ಲಾ ಇವರೆಲ್ಲರ ತಿರುಗುಮುರುಗು: ಮೆತ್ತಗಿನ ಸ್ವಭಾವ, ಕಣ್ಣಲ್ಲಿ ನೀರು ಬೇಗ, ಪಕ್ಕದಲ್ಲಿ ಯಾರಾದರೂ ಕೂತು ಬೆನ್ನು ಸವರಿದರೆ ಅರ್ಧ ಬೇನೆ ಕಡಿಮೆ.

ನೋಡಿದ್ರಾ, ‘ಇರಿಟೇಬಲ್’ ಅನ್ನೋ ಒಂದು ಪದದ ಕೆಳಗೆ ಎಷ್ಟು ಜನ ಕೂತಿದ್ದರು?

ಇಷ್ಟಾದ ಮೇಲೆ ತಿರುಗಿಸಿ ಕೇಳಿ: ಯಾರು ಇದಲ್ಲ? ಈ ಉಪಾಯ ನನ್ನದಲ್ಲ. ಹಾನಿಮನ್‌ನ ಆರ್ಗನನ್ ಅಂತ ಪುಸ್ತಕ ಇದೆ, ಮೊದಲು ಬಂದದ್ದು 1810ರಲ್ಲಿ. ಅದರ 213ನೇ ಸೂತ್ರದ ಅಡಿಟಿಪ್ಪಣಿಯಲ್ಲಿ ಅವನು ಹೇಳೋದು ಹೀಗೆ: ಶಾಂತ ಸ್ವಭಾವದವರಿಗೆ ಅಕೋನೈಟ್ ಅನ್ನೋ ಔಷಧ ನಡೆಯೋದು ಅಪರೂಪ, ಮೆತ್ತಗಿನ ಮಂದ ಸ್ವಭಾವದವರಿಗೆ ನಕ್ಸ್ ನಡೆಯಲ್ಲ, ನಗುನಗುತ್ತಾ ಹಠ ಮಾಡೋರಿಗೆ ಪಲ್ಸಟಿಲ್ಲಾ ನಡೆಯಲ್ಲ, ಯಾವುದಕ್ಕೂ ಅಲುಗದವರಿಗೆ ಇಗ್ನೇಷಿಯಾ ನಡೆಯಲ್ಲ. ಇಡೀ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಈ ಅಡಿಟಿಪ್ಪಣಿ. ಬೇಲಿ ಹಾಕಿದ ಮೇಲೇ ಹೊಲ ಎಷ್ಟು ಅಂತ ಗೊತ್ತಾಗೋದು.

ಇನ್ನು ಎಡವೋ ಜಾಗಗಳು. ಗಿಡದ ರೂಪ ನೋಡಿ ಮನಸ್ಸು ಹೇಳೋದು ಒಂದು. ಪಲ್ಸಟಿಲ್ಲಾ ಹೂವು ಗಾಳಿಗೆ ಬಾಗುತ್ತದೆ, ಅದಕ್ಕೇ ಆ ಮನಸ್ಸು ಚಂಚಲ ಅಂತ ಕ್ಲಾಸಿನಲ್ಲಿ ಹೇಳುತ್ತಾರಂತೆ. ನೆನಪಿಗೆ ಚಂದ, ಇಟ್ಕೊಳ್ಳಿ. ಆದರೆ ಅದು ಆಧಾರ ಅಲ್ಲ, ಹಾನಿಮನ್ನೇ ಇಂಥ ರೂಪಸಾಮ್ಯದ ವಾದವನ್ನು ಒಪ್ಪಿರಲಿಲ್ಲ. ಇತ್ತೀಚೆಗೆ ಮುಂಬೈನ ಹೋಮಿಯೋಪತಿ ವೈದ್ಯ ರಾಜನ್ ಶಂಕರನ್ ಅವರು ಗಿಡದ ಔಷಧಗಳೆಲ್ಲದರ ಬುಡದಲ್ಲಿ ಸೂಕ್ಷ್ಮತೆ ಇದೆ, ಖನಿಜದ್ದರಲ್ಲಿ ಏನೋ ಕೊರತೆ, ಪ್ರಾಣಿಗಳದ್ದರಲ್ಲಿ ಪೈಪೋಟಿ ಅಂತ ವಿಂಗಡಿಸಿದ್ದಾರೆ. ನಕ್ಸ್‌ಗೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ಮೊದಲೇ ಚೌಕಟ್ಟು ಇಟ್ಟುಕೊಂಡು ಹೋದರೆ ಎಲ್ಲಾ ಗಿಡವೂ ಆ ಚೌಕಟ್ಟಿಗೇ ಬಂದು ಕೂರುತ್ತವೆ. ಅದಕ್ಕೇ ಚೌಕಟ್ಟನ್ನು ಕೊನೆಗೆ ತೆಗೆಯಿರಿ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಮನುಷ್ಯರಿಗೆ ಚೀಟಿ ಅಂಟಿಸೋದು. ನಮ್ಮ ನೆಂಟರ ಹೆಣ್ಣುಮಗಳೊಬ್ಬಳು ತಾಯಿ ತೀರಿದ ಮೇಲೆ ಊಟ ಬಿಟ್ಟಳು, ಮಾತು ಬಿಟ್ಟಳು. ತೋರಿಸಿದಲ್ಲಿ ‘ಇದು ಪಕ್ಕಾ ಇಗ್ನೇಷಿಯಾ’ ಅಂತ ಒಂದೇ ಮಾತಲ್ಲಿ ಮುಗಿಸಿದರು. ಚಿತ್ರ ಅಷ್ಟು ಚೆನ್ನಾಗಿ ಹೊಂದಿತ್ತು ಅನ್ನೋದೇ ತೊಂದರೆ ಆಯಿತು, ಮುಂದೆ ಯಾರೂ ಏನೂ ಕೇಳಲಿಲ್ಲ. ಐದು ತಿಂಗಳು ಹೋಯಿತು. ಕೊನೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು, ಅಲ್ಲಿ ಖಿನ್ನತೆ ಅಂದರು, ಚಿಕಿತ್ಸೆ ಆಯಿತು, ಈಗ ನೆಟ್ಟಗಿದ್ದಾಳೆ. ಔಷಧದ ಚಿತ್ರ ಬೇರೆ, ಕಾಯಿಲೆ ಪತ್ತೆ ಮಾಡೋದು ಬೇರೆ. ಯಾರಿಗಾದರೂ ಬದುಕು ಬೇಡ ಅನ್ನಿಸುತ್ತಿದ್ದರೆ ಚಿತ್ರ ಗಿತ್ರ ಬಿಟ್ಟು 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು.

ಔಷಧ ಕೆಲಸ ಮಾಡುತ್ತದಾ ಅಂತ ನೀವು ಕೇಳೇ ಕೇಳುತ್ತೀರಿ. ಔಷಧದ ಹೆಸರಿನ ಮುಂದೆ ಬರೆಯೋ 30ಸಿ ಅಂದರೆ ನೂರಕ್ಕೆ ಒಂದರಂತೆ ಮೂವತ್ತು ಸಲ ತೆಳು ಮಾಡಿದ್ದು, ಅಂದರೆ 1ರ ಮುಂದೆ 60 ಸೊನ್ನೆಯಷ್ಟು. 12ಸಿ ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣು ಉಳಿದಿರೋದೂ ಅನುಮಾನ. 2015ರಲ್ಲಿ ಆಸ್ಟ್ರೇಲಿಯಾದ ಆರೋಗ್ಯ ಸಂಶೋಧನಾ ಮಂಡಳಿ ಅಧ್ಯಯನಗಳ ವಿಮರ್ಶೆಗಳನ್ನು ನೋಡಿ, ಹೋಮಿಯೋಪತಿ ಯಾವುದೇ ಕಾಯಿಲೆಗೆ ಪರಿಣಾಮಕಾರಿ ಅನ್ನೋದಕ್ಕೆ ನಂಬಬಹುದಾದ ಪುರಾವೆ ಇಲ್ಲ ಅಂದಿತು. ಮಗಳ ಮುಂದೆ ಈ ಮಾತು ತೆಗೆದಾಗ ಜಗಳ ಆಗಿದೆ, ಸುಳ್ಳು ಹೇಳಲ್ಲ. “ಅಪ್ಪಾ, ನೀ ಮಹಾಭಾರತ ನಡದದ್ದು ಖರೇ ಅಂತ ಪ್ರೂಫ್ ನೋಡಿ ಕಲಸ್ತೀಯೇನು?” ಅಂದಳು. ಮಹಾಭಾರತವನ್ನು ನಾನು ಜ್ವರಕ್ಕೆ ಕೊಡೋದಿಲ್ಲ ಮಗಳೇ ಅಂದೆ. ಅವತ್ತು ಇಬ್ಬರೂ ಬೇರೆ ಬೇರೆ ಹೊತ್ತಿಗೆ ಊಟ ಮಾಡಿದೆವು. ಬೀಜದ ವಿಷ ಮಾತ್ರ ಖರೆ, ಅದರ ಬಗ್ಗೆ ಇಬ್ಬರಿಗೂ ಜಗಳ ಇಲ್ಲ.

ಕೊನೆಯ ಕೆಲಸ ಒಂದು ಉಳಿದಿದೆ. ಬರೆದ ಚಿತ್ರವನ್ನು ಔಷಧದ ಹೆಸರು ಹೇಳದೆ, ಈ ವಿಷಯ ಏನೂ ಗೊತ್ತಿಲ್ಲದವರಿಗೆ ಜೋರಾಗಿ ಓದಿ. ಅವರು “ಅಯ್ಯ, ಇವರು ನಮ್ಮ ಇಂಥವರು” ಅಂದರೆ ಚಿತ್ರಕ್ಕೆ ಜೀವ ಬಂದಿದೆ. ಸುಮ್ಮನೆ ತಲೆ ಆಡಿಸಿದರೆ ಇನ್ನೂ ಅದರಲ್ಲಿ ವಿಶೇಷಣಗಳೇ ಜಾಸ್ತಿ ಇವೆ. ಆಮೇಲೆ ಅವರು ಹೇಳಿದ ಆ ಮನುಷ್ಯನನ್ನು ಒಂದೊಂದೇ ಸಾಲಿಗೆ ಹಿಡಿದು ನೋಡಿ, ಎಲ್ಲಿ ತಪ್ಪುತ್ತದೆ ಅಂತ.

ನಾವು ನಕ್ಸ್‌ನ ಚಿತ್ರವನ್ನು ನನ್ನ ಹೆಂಡತಿಗೆ ಓದಿದೆವು. ಅವಳು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಚಹಾದ ಬಸಿ, ಚಪ್ಪಲಿ, ಕಿತ್ತುಕೊಂಡು ತಾನೇ ಮಾಡೋದು, ಎಲ್ಲಾ ಕೇಳಿದಳು. ಬಡಿಯೋ ಕೈ ನಿಲ್ಲಿಸಿ, “ಇದೇನ್ ಔಷಧದ ಪಾಠ ಅಂತೀರಿ, ನಿಮ್ಮದ ಕಥಿ ಐತಲ್ರೀ?” ಅಂದಳು. ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಪೆನ್ನು ತಗೊಂಡು ನನ್ನನ್ನೇ ಪರೀಕ್ಷೆಗೆ ಕೂರಿಸಿದಳು. ನಕ್ಸ್‌ನವರಿಗೆ ಚಳಿ ತಡೆಯಲ್ಲ, ನಿಮಗೂ ತಡೆಯಲ್ವಾ? ತಡೆಯುತ್ತದೆ, ಡಿಸೆಂಬರಿನಲ್ಲೂ ಫ್ಯಾನ್ ಬೇಕು. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತದಾ?

“ಮೂರಕ್ಕ ಎಚ್ಚರ ನನಗಾಗ್ತೈತಿ,” ಅಂದಳು ಅವರವ್ವ, “ಇವರ ಗೊರಕಿ ಕೇಳಿ.”